ಮೆಸೇಜ್ ಹಾಕಿದ್ದೇನೋ ಹೌದು, ಮುಟ್ಟಿತೇ?

ಎರಡು ವರ್ಷದ ಹಿಂದಿನ ಕೊಯ್ಲಿನ ಸಮಯ. ನಮ್ಮ ಬೈಲಿಗೆ ಕಟಾವು ಮಿಷಿನ್ ತರಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕುಂದಾಪುರ-ಬೈಂದೂರು ಕಡೆಯ ಗದ್ದೆ ನಿಮಗೆ ಗೊತ್ತಿದ್ದದ್ದೇ. ಒಬ್ಬನದ್ದು ಮೂವತ್ತು ಸೆಂಟ್ಸು, ಮತ್ತೊಬ್ಬನದ್ದು ಐವತ್ತು. ಹನ್ನೆರಡು ಮನೆಯವರು ಒಟ್ಟಾದರೆ ಮಾತ್ರ ಮಿಷಿನಿನವನು ಒಳಗೆ ಇಳಿಯುತ್ತಾನೆ. ರಾತ್ರಿ ಎಂಟು ಗಂಟೆಗೆ ಅವನ ಫೋನ್ ಬಂತು, ನಾಳೆ ಬೆಳಿಗ್ಗೆ ಏಳಕ್ಕೆ ಬರುತ್ತೇನೆ ಎಂದು. ಕೂಡಲೇ ಬೈಲಿನ ವಾಟ್ಸಾಪ್ ಗುಂಪಿಗೆ ಬರೆದು ಹಾಕಿದೆ. ಏಳೆಂಟು ಜನ ಹೆಬ್ಬೆರಳು ಎತ್ತಿ ತೋರಿಸಿದರು. ನಾನು ಉಂಡು ಮಲಗಿದೆ.

ಬೆಳಿಗ್ಗೆ ಮಿಷಿನ್ ಬಂತು. ನಡುವಿನ ಗದ್ದೆಯ ಅಕ್ಕ ಮಾತ್ರ ಕಾಣಲಿಲ್ಲ. ಮೊದಲ ಬಸ್ಸಿಗೆ ಮಗಳ ಮನೆಗೆ ಹೋಗಿದ್ದರು. ಕೇಳದೆ ಕೊಯ್ಯಿಸಲು ನನಗೆ ಧೈರ್ಯ ಬರಲಿಲ್ಲ. ಮಿಷಿನ್ ಕೊಯ್ದ ಹುಲ್ಲು ಪುಡಿಯಾಗುತ್ತದೆ, ದನ ಸರಿ ತಿನ್ನುವುದಿಲ್ಲ ಎಂದು ಹಿಂದಿನ ವರ್ಷ ಅವರು ಆಳು ಹಿಡಿದು ಕೈಯಲ್ಲೇ ಕೊಯ್ಯಿಸಿದ್ದರು. ಫೋನಿಗೆ ಅವರು ಸಿಗಲಿಲ್ಲ. ಮಿಷಿನ್ ಹನ್ನೊಂದು ಗಂಟೆಗೆ ಬೇರೆ ಊರಿಗೆ ಹೋಯಿತು. ಮೂರನೇ ದಿನ ಮಳೆ ಹಿಡಿಯಿತು, ಎರಡು ದಿನ ಬಿಡಲಿಲ್ಲ. ಅಕ್ಕನ ಪೈರು ಮಲಗಿತು, ತೆನೆಯಲ್ಲೇ ಮೊಳಕೆ ಬಂತು, ಹುಲ್ಲು ಕಪ್ಪಾಯಿತು. ಅರ್ಧದಷ್ಟೂ ಕೈಗೆ ಸಿಗಲಿಲ್ಲ. ನಮ್ಮದು ಮಳೆ ನಂಬಿದ ಮಕ್ಕಿ ಗದ್ದೆ. ಭತ್ತ ಎದ್ದ ಕೂಡಲೇ ಇರುವ ಪಸೆಯಲ್ಲಿ ಉದ್ದು ಬಿತ್ತಬೇಕು. ಅದೂ ಅವರಿಗೆ ತಡವಾಯಿತು.

ಅವರು ಬೈಯಲಿಲ್ಲ. ಇಷ್ಟೇ ಹೇಳಿದ್ದು: “ಮೆಸೇಜ್ ಹಾಕಿದ್ದೆ ಅಂದ್ಯಲ್ಲ ತಮ್ಮ, ನಿನ್ ಜಗ್ಲಿ ಮೇಲ್ ನಿಂತ್ ಒಂದ್ ಕೂಗ್ ಹಾಕಿದ್ರೆ ನಂಗೆ ಕೇಂತಿತ್ತಲ್ದಾ?”

ಕೇಳುತ್ತಿತ್ತು. ನಮ್ಮ ಮನೆಗೂ ಅವರ ಮನೆಗೂ ನಡುವೆ ಇರುವುದು ಒಂದು ಹಾಡಿ, ಒಂದು ತೋಡು.

ಮೆಸೇಜ್ ಎಲ್ಲಿಗೆ ಹೋಯಿತು ಎಂದು ಆಮೇಲೆ ಹುಡುಕಿದೆ. ಗುಂಪಿನಲ್ಲಿ ಅಕ್ಕನ ಮನೆಯ ಹೆಸರಿನಲ್ಲಿದ್ದದ್ದು ಅವರ ಮಗನ ನಂಬರು. ಅವನು ಬೆಂಗಳೂರಿನಲ್ಲಿ ಹೋಟೆಲ್ ಕೆಲಸದಲ್ಲಿದ್ದಾನೆ. ಬಾಗಿಲು ಹಾಕಿ, ತೊಳೆದು ಬಳಿದು ಫೋನ್ ನೋಡುವಾಗ ರಾತ್ರಿ ಹನ್ನೆರಡೂವರೆ. ಅಮ್ಮನಿಗೆ ಊರಲ್ಲಿ ಯಾರಾದರೂ ಹೇಳಿಯೇ ಇರುತ್ತಾರೆ ಎಂದುಕೊಂಡ. ನನ್ನ ಫೋನಿನ ಲೆಕ್ಕದಲ್ಲಿ ಮೆಸೇಜ್ ಮುಟ್ಟಿದೆ, ಓದಿಯೂ ಆಗಿದೆ. ಗದ್ದೆಯ ಯಜಮಾನಿಗೆ ಮಾತ್ರ ಗೊತ್ತಿಲ್ಲ.

ಅಂದಿನಿಂದ ಈ ಮೆಸೇಜಿನ ವ್ಯವಹಾರವನ್ನು ಸ್ವಲ್ಪ ತಿಳಿದುಕೊಳ್ಳುವ ಹಟ ಹಿಡಿಯಿತು. ಮೊಬೈಲ್ ಅಂಗಡಿಯಲ್ಲಿರುವ ಅಳಿಯನ ತಲೆ ತಿಂದೆ. ತಿಳಿದದ್ದನ್ನು ಬರೆಯುತ್ತೇನೆ.

ಎಸ್ಸೆಮ್ಮೆಸ್ ಹೋಗುವ ದಾರಿ

ಎಸ್ಸೆಮ್ಮೆಸ್ ನಮ್ಮ ಫೋನಿನಿಂದ ನೇರವಾಗಿ ಮತ್ತೊಬ್ಬರ ಫೋನಿಗೆ ಹಾರುವುದಿಲ್ಲ. ಟವರಿನ ಮೂಲಕ ಕಂಪೆನಿಯ ಸಂದೇಶ ಕೇಂದ್ರಕ್ಕೆ ಹೋಗುತ್ತದೆ. ಅದು ಅಂಚೆ ಕಚೇರಿ ಇದ್ದ ಹಾಗೆ. ಆಚೆಯವರ ಫೋನ್ ಆಫ್ ಇದ್ದರೆ, ಅಥವಾ ಅವರು ನೆಟ್‌ವರ್ಕ್ ಇಲ್ಲದ ಕಡೆ ಇದ್ದರೆ, ಕೇಂದ್ರ ಅದನ್ನು ಇಟ್ಟುಕೊಂಡು ಮತ್ತೆ ಮತ್ತೆ ಕಳಿಸಿ ನೋಡುತ್ತದೆ. ಇದಕ್ಕೊಂದು ಅವಧಿ ಇದೆ. ಅಷ್ಟರೊಳಗೆ ಮುಟ್ಟದಿದ್ದರೆ ಬಿಟ್ಟುಬಿಡುತ್ತದೆ. ಕಳಿಸಿದವನ ಫೋನಿನಲ್ಲಿ ಮಾತ್ರ ‘ಕಳಿಸಲಾಗಿದೆ’ ಎಂದೇ ಇರುತ್ತದೆ. ಆ ಮಾತಿಗೆ ಅರ್ಥ ಅಂಚೆ ಡಬ್ಬಕ್ಕೆ ಬಿತ್ತು ಎಂದಷ್ಟೇ.

ಅಮಾಸೆಬೈಲು, ಹೊಸಂಗಡಿ, ಜಡ್ಕಲ್ ಕಡೆಯ ಘಟ್ಟದ ಬುಡದ ಕೃಷಿಕರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಟವರಿನ ಬ್ಯಾಟರಿ ಕೆಲವು ಗಂಟೆ ಬರುತ್ತದೆ, ಆಮೇಲೆ ಅದೂ ತಣ್ಣಗೆ. ಆದರೂ ಎಸ್ಸೆಮ್ಮೆಸ್ಸಿಗೆ ಒಂದು ಗುಣ ಉಂಟು. ಅದರ ಗಾತ್ರ ತೀರಾ ಚಿಕ್ಕದು. ಮಾತು ಕಡಿದು ಕಡಿದು ಹೋಗುವಷ್ಟು ಸಣ್ಣ ಸಿಗ್ನಲ್ ಇದ್ದರೂ ಅದು ನುಸುಳಿ ಬರುತ್ತದೆ. ಇಂಟರ್ನೆಟ್ ಬೇಡ, ಬಟನ್ ಫೋನಿಗೂ ಆಗುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಒಂದು ತೊಡಕು. 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ಮೊದಲ ಎಸ್ಸೆಮ್ಮೆಸ್ ಹೋದ ಕಾಲದಿಂದಲೂ ಅದರ ಚೀಲದ ಅಳತೆ ಒಂದೇ. ಇಂಗ್ಲಿಷ್ ಅಕ್ಷರವಾದರೆ 160 ಹಿಡಿಯುತ್ತದೆ, ಕನ್ನಡವಾದರೆ 70 ಮಾತ್ರ. ಆ 70 ಕೂಡ ನಾವು ಎಣಿಸುವ ಹಾಗೆ ಅಲ್ಲ. ಕೊಂಬು, ದೀರ್ಘ, ಸೊನ್ನೆ, ಒತ್ತು ಎಲ್ಲ ಬೇರೆ ಬೇರೆ ಲೆಕ್ಕಕ್ಕೆ ಬರುತ್ತವೆ. ‘ಕೃಷಿ’ ನಮಗೆ ಎರಡಕ್ಷರ, ಫೋನಿಗೆ ನಾಲ್ಕು. ‘ಕುಂದಾಪುರ’ ಎಂದರೆ ಎಂಟು. ‘ನಾಳೆ 7ಕ್ಕೆ ಕಟಾವು ಯಂತ್ರ ಬರುತ್ತದೆ. ಗದ್ದೆಗೆ ಬನ್ನಿ.’ ಇಷ್ಟು ಬರೆದರೆ ಬಿಡಿಜಾಗ, ಚುಕ್ಕೆ ಸೇರಿ 47 ಆಗುತ್ತದೆ. ಒಂದೇ ಚೀಲದಲ್ಲಿ ಹೋಯಿತು. ಉದ್ದ ಬರೆದರೆ ಅದು ತುಂಡು ತುಂಡಾಗಿ ಹೋಗಿ ಆಚೆಯ ಫೋನಿನಲ್ಲಿ ಜೋಡಣೆಯಾಗಬೇಕು. ಜೋಡಿಸುವ ಗುರುತಿಗೂ ಜಾಗ ಬೇಕಾದ್ದರಿಂದ ತುಂಡಿಗೆ 67 ಮಾತ್ರ. ಒಂದು ತುಂಡು ಹಿಂದೆ ಉಳಿದರೆ ಇಡೀ ಮಾತೇ ನಿಂತೀತು, ಇಲ್ಲವೇ ಬಾಲ ಮಾತ್ರ ಬಂದೀತು. ಕನ್ನಡ ಲಿಪಿ ಇಲ್ಲದ ಹಳೆ ಫೋನಾದರೆ ಸಾಲು ಸಾಲು ಚೌಕಟ್ಟು ಕಾಣುತ್ತದೆ. ನಮ್ಮ ಹಿರಿಯರೊಬ್ಬರು ಅದನ್ನು ಬಹಳ ಕಾಲ ಕಂಪೆನಿಯ ಜಾಹೀರಾತು ಎಂದೇ ತಿಳಿದಿದ್ದರು.

ಕಚೇರಿ, ಸೊಸೈಟಿ, ಬ್ಯಾಂಕಿನಿಂದ ಬರುವ ಮೆಸೇಜಿನ ಕತೆ ಬೇರೆ. ಅವರು ಕಳಿಸುವ ಹೆಸರನ್ನೂ ಮೆಸೇಜಿನ ಒಕ್ಕಣೆಯನ್ನೂ ಮೊದಲೇ ನೋಂದಾಯಿಸಿರಬೇಕು. ಒಕ್ಕಣೆ ಹೊಂದದಿದ್ದರೆ ನಡುವೆಯೇ ತಡೆಯುತ್ತಾರೆ. ಮೋಸ ತಡೆಯಲು ಮಾಡಿದ ಏರ್ಪಾಡು. 2021ರ ಮಾರ್ಚ್ 8ರಂದು ಇದನ್ನು ಬಿಗಿ ಮಾಡಿದಾಗ ದೇಶದಲ್ಲೆಲ್ಲ ಜನರಿಗೆ ಓಟಿಪಿ ಬರದೆ ಗಲಾಟೆಯಾಗಿ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಒಂದು ವಾರ ಸಡಿಲ ಬಿಡಬೇಕಾಯಿತು. ಹಾಗಾಗಿ ‘ನಿಮಗೆ ಮೆಸೇಜ್ ಕಳಿಸಿದ್ದೇವೆ’ ಎಂದು ಕಚೇರಿಯವರು ಹೇಳಿದರೆ ಅವರೂ ಸುಳ್ಳಾಡುವುದಿಲ್ಲ, ಬರಲಿಲ್ಲ ಎನ್ನುವ ನಾವೂ ಸುಳ್ಳಾಡುವುದಿಲ್ಲ. 2025ರಿಂದ ಈ ಹೆಸರುಗಳ ಕೊನೆಗೆ ಒಂದು ಇಂಗ್ಲಿಷ್ ಅಕ್ಷರ ಬರುತ್ತದೆ. ‘ಜಿ’ ಇದ್ದರೆ ಸರಕಾರದ್ದು, ‘ಪಿ’ ಇದ್ದರೆ ವ್ಯಾಪಾರದ್ದು. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ತೋರಿಸಿ ಕೇಳಿ. ಹತ್ತು ಅಂಕೆಯ ಸಾದಾ ನಂಬರಿನಿಂದ ‘ಸರಕಾರದ ಹಣ ಬಂದಿದೆ, ಒತ್ತಿ’ ಎಂದು ಬಂದರೆ ಒತ್ತಬೇಡಿ.

ವಾಟ್ಸಾಪಿನ ರೈಟ್ ಗುರುತು

ವಾಟ್ಸಾಪಿಗೆ ಎರಡೂ ಕಡೆ ಇಂಟರ್ನೆಟ್ ಬೇಕು. ಒಂದು ರೈಟ್ ಗುರುತು ಬಿದ್ದರೆ ನಮ್ಮ ಫೋನಿನಿಂದ ಹೊರಟಿತು ಎಂದು ಅರ್ಥ. ಎರಡು ಬಿದ್ದರೆ ಅವರ ಫೋನಿಗೆ ಸೇರಿತು. ನೀಲಿಯಾದರೆ ತೆರೆದು ನೋಡಿದರು. ಆದರೆ ನೀಲಿ ಆಗದ ಹಾಗೆ ಮಾಡಿಟ್ಟುಕೊಳ್ಳಲೂ ಬರುತ್ತದೆ. ನನ್ನ ಭಾವ ಹಾಗೆ ಮಾಡಿದ್ದಾನೆ, ಸಾಲಗಾರರ ಕಾಟಕ್ಕೋ ಏನೋ. ಗುಂಪಿನಲ್ಲಾದರೆ ಎಲ್ಲರ ಫೋನಿಗೂ ಸೇರಿದ ಮೇಲೆಯೇ ಎರಡು ಗುರುತು, ಎಲ್ಲರೂ ನೋಡಿದ ಮೇಲೆಯೇ ನೀಲಿ. ನಾವು ಹಾಕಿದ ಮೆಸೇಜನ್ನು ಒತ್ತಿ ಹಿಡಿದು ಮಾಹಿತಿ ಎಂಬುದನ್ನು ತೆರೆದರೆ ಯಾರಿಗೆ ಮುಟ್ಟಿದೆ, ಯಾರು ನೋಡಿದ್ದಾರೆ ಎಂದು ಒಂದೊಂದೇ ಹೆಸರು ಸಿಗುತ್ತದೆ. ಇದು ನನಗೆ ಆ ರಾತ್ರಿ ಗೊತ್ತಿದ್ದಿದ್ದರೆ ಹಾಸಿಗೆಯಿಂದ ಎದ್ದು ಹೋಗುತ್ತಿದ್ದೆನೇನೋ.

ಮೆಸೇಜ್ ಬಾರದಿರಲು ಬೇರೆ ಕಾರಣಗಳೂ ಉಂಟು. ಕಡಿಮೆ ಬೆಲೆಯ ಫೋನುಗಳು ಬ್ಯಾಟರಿ ಉಳಿಸಲು ವಾಟ್ಸಾಪನ್ನು ಹಿಂದಿನಿಂದ ಮಲಗಿಸಿಬಿಡುತ್ತವೆ. ನಾವು ತೆರೆದಾಗ ಮಾತ್ರ ಹತ್ತು ಮೆಸೇಜ್ ಒಟ್ಟಿಗೆ ಬಂದು ಬೀಳುತ್ತದೆ. ಸೆಟ್ಟಿಂಗಿನಲ್ಲಿ ಬ್ಯಾಟರಿ ಎಂಬಲ್ಲಿ ಹೋಗಿ ವಾಟ್ಸಾಪಿಗೆ ಮಾತ್ರ ಈ ಕಟ್ಟು ಸಡಿಲಿಸಬಹುದು. ನನ್ನ ಫೋನಿಗೆ ಅಳಿಯ ಹೀಗೆ ಮಾಡಿಕೊಟ್ಟ ಮೇಲೆ ಮೆಸೇಜ್ ಹೊತ್ತಿಗೆ ಬರುತ್ತಿದೆ. ಶುಭೋದಯದ ಹೂವು, ದೇವರ ವಿಡಿಯೋ ತುಂಬಿ ಜಾಗ ಮುಗಿದರೂ ಕಷ್ಟವೇ. ತಿಂಗಳಿಗೊಮ್ಮೆ ಕಳೆ ಕಿತ್ತ ಹಾಗೆ ತೆಗೆಯಬೇಕು.

ಇನ್ನು, ಇಡೀ ಕಂಪೆನಿಯೇ ನಿಂತರೆ? 2021ರ ಅಕ್ಟೋಬರ್ 4ರ ರಾತ್ರಿ ಪ್ರಪಂಚದಲ್ಲೆಲ್ಲ ವಾಟ್ಸಾಪ್ ಸುಮಾರು ಆರು ಗಂಟೆ ನಿಂತಿತ್ತು. ಮರುವರ್ಷ ಅಕ್ಟೋಬರ್ 25ರಂದು ಹಗಲಿನಲ್ಲೇ ಸುಮಾರು ಎರಡು ಗಂಟೆ. ಅವತ್ತು ಸೂರ್ಯಗ್ರಹಣ. ಸೂರ್ಯನಿಗೆ ಹಿಡಿದದ್ದು ಸಂಜೆ, ವಾಟ್ಸಾಪಿಗೆ ಮಧ್ಯಾಹ್ನವೇ ಹಿಡಿಯಿತು ಎಂದು ನಮ್ಮಲ್ಲಿ ನಗೆಯಾಡಿದ್ದರು. ಎರಡೂ ನಮ್ಮ ಕೊಯ್ಲಿನ ತಿಂಗಳಲ್ಲೇ ಆದದ್ದು.

ಒಬ್ಬೊಬ್ಬರದ್ದು ಒಂದೊಂದು

ಫೋನಿನ ದೋಷ ಒಂದು ಕಡೆಯಾದರೆ ಮನುಷ್ಯರ ಇಷ್ಟ ಇನ್ನೊಂದು ಕಡೆ. ನನ್ನ ತಾಯಿಗೆ ಮೊಮ್ಮಗಳು ಬರೆದು ಕಳಿಸಿದರೆ ಆಗುವುದಿಲ್ಲ. “ಬರ್ದದ್ದ್ ಓದುಕೆ ಬತ್ತಿಲ್ಲೆ ಮಗಾ, ಸ್ವರ ಕೇಂಡ್ರೆ ಸಾಕ್” ಎನ್ನುತ್ತಾರೆ. ಧ್ವನಿ ಮೆಸೇಜ್ ಬಂದರೆ ನಾಲ್ಕು ಸಲ ಹಾಕಿಸಿ ಕೇಳುತ್ತಾರೆ. ಬೆಂಗಳೂರಿನಲ್ಲಿ ಬೇಕರಿಯಲ್ಲಿರುವ ತಮ್ಮನ ಮಗನಿಗೆ ಹಗಲು ಫೋನ್ ಮಾಡಿದರೆ ಸಿಟ್ಟು. ಗಿರಾಕಿ ಎದುರಿಗಿರುವಾಗ ಮಾತಾಡುವುದು ಹೇಗೆ, ಬರೆದು ಹಾಕಿ ದೊಡ್ಡಪ್ಪ ಎನ್ನುತ್ತಾನೆ. ನಾಟಿಗೆ ಬರುವ ಹೆಂಗಸರು ಫೋನನ್ನು ಮನೆಯಲ್ಲೇ ಬಿಟ್ಟು ಬರುತ್ತಾರೆ. ಗದ್ದೆಯ ಕೆಸರಿನಲ್ಲಿ ಅದನ್ನು ಎಲ್ಲಿ ಇಟ್ಟುಕೊಳ್ಳುವುದು? ಅವರಿಗೆ ಹೇಳುವುದಿದ್ದರೆ ರಾತ್ರಿ ಏಳರಿಂದ ಎಂಟರೊಳಗೆ ಫೋನ್ ಮಾಡಬೇಕು. ಮಿಷಿನ್ ಓಡಿಸುವವನು ತಮಿಳುನಾಡಿನ ಕಡೆಯವನು, ಕನ್ನಡ ಓದಲು ಬಾರದು. ಅವನಿಗೆ ಲೊಕೇಶನ್ ಕಳಿಸಿದೆ. ಅದು ಅವನನ್ನು ತೋಡಿನ ಆಚೆ ದಡಕ್ಕೆ ಕರೆದುಕೊಂಡು ಹೋಗಿ ನಿಲ್ಲಿಸಿತು. ಸೇತುವೆ ಎಲ್ಲಿದೆ ಎಂದು ನಕ್ಷೆಗೆ ಗೊತ್ತಿಲ್ಲ. ಈಗ ಮುಖ್ಯರಸ್ತೆಯ ಬಸ್ ಸ್ಟಾಪಿನ ಲೊಕೇಶನ್ ಕಳಿಸಿ, ಅಲ್ಲಿಂದ ಬೈಕಿನಲ್ಲಿ ಕರೆತರುತ್ತೇವೆ.

ನಾನು ಹುಡುಗನಿದ್ದಾಗ ಮಾತು ಮುಟ್ಟಿಸಲು ಬಸ್ಸಿನ ಕಂಡಕ್ಟರ ಕೈಯಲ್ಲಿ ಚೀಟಿ ಕೊಡುತ್ತಿದ್ದರು. ಅವನು ತಿರುಗಿ ಬರುವ ಟ್ರಿಪ್ಪಿನಲ್ಲಿ “ಕೊಟ್ಟಿದ್ದೆ, ನಾಳೆ ಬತ್ರಂಬ್ರು” ಎಂದು ಉತ್ತರವನ್ನೂ ಹೇಳುತ್ತಿದ್ದ. ಈಗಿನ ಫೋನಿನಲ್ಲಿ ತಿರುಗಿ ಬರುವ ಆ ಟ್ರಿಪ್ಪು ಇಲ್ಲ, ಅದನ್ನು ನಾವೇ ಮಾಡಿಕೊಳ್ಳಬೇಕು.

ಮಳೆಯ ಸುದ್ದಿಗಂತೂ ಹೊತ್ತು ಮುಖ್ಯ. ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರದಿಂದ ಕರಾವಳಿಗೆ ಮಂಗಳವಾರ ಮತ್ತು ಶುಕ್ರವಾರ ಹವಾಮಾನದ ಕೃಷಿ ಸಲಹೆ ಹೊರಡುತ್ತದೆ, ಮುಂದಿನ ಐದು ದಿನದ ಅಂದಾಜು ಸೇರಿ. ಯಾರೋ ಮುಂದೆ ದಾಟಿಸಿ ಅದು ನಮಗೆ ನಾಲ್ಕನೇ ದಿನ ತಲಪಿದರೆ ಏನು ಪ್ರಯೋಜನ? ಮಳೆಗಾಲದಲ್ಲಿ ಶಾಲೆಗೆ ರಜೆ ಎಂಬ ಹಳೆ ವರ್ಷದ ಆದೇಶ ಓಡಾಡುತ್ತದಲ್ಲ, ಮಳೆ ಎಚ್ಚರಿಕೆಯ ಗತಿಯೂ ಹಾಗೇ. ತಾರೀಕು ಇಲ್ಲದ್ದನ್ನು ನಾನು ನಂಬುವುದಿಲ್ಲ, ದಾಟಿಸುವುದೂ ಇಲ್ಲ. ಓದಲು ಬಾರದವರು 1800-180-1551ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಕೇಳಬಹುದು. 2004ರಲ್ಲಿ ಶುರುವಾದ ಕಿಸಾನ್ ಕಾಲ್ ಸೆಂಟರ್ ಅದು, ದುಡ್ಡಿಲ್ಲ.

2023ರ ಅಕ್ಟೋಬರ್ 12ರಂದು ನಮ್ಮ ರಾಜ್ಯದಲ್ಲಿ ಫೋನುಗಳೆಲ್ಲ ಒಮ್ಮೆಲೇ ಕಿರುಚಿದ್ದು ನೆನಪಿರಬಹುದು. ನನ್ನ ಹೆಂಡತಿ ಸೌಟು ಕೆಳಗೆ ಹಾಕಿದ್ದಳು. ಅದು ಸರಕಾರ ಮಾಡಿದ ಪರೀಕ್ಷೆ. ಆ ಎಚ್ಚರಿಕೆಗೆ ನಮ್ಮ ನಂಬರು ಬೇಡ, ಟವರಿನ ಅಡಿಯಲ್ಲಿರುವ ಫೋನುಗಳಿಗೆಲ್ಲ ಒಂದೇ ಸಲ ಡಂಗುರ ಹೊಡೆದ ಹಾಗೆ. ಪ್ರವಾಹ, ಚಂಡಮಾರುತಕ್ಕೆ ಒಳ್ಳೆಯದೇ. ಆದರೆ ಟವರೇ ಸತ್ತಿದ್ದರೆ ಡಂಗುರವೂ ಇಲ್ಲ.

ನಾವು ಮಾಡಿಕೊಂಡ ಪುಸ್ತಕ

ಈಗ ನಮ್ಮ ಬೈಲಿಗೆ ಒಂದು ನೋಟ್ ಪುಸ್ತಕ ಉಂಟು. ಮನೆ ಮನೆಗೆ ಹೋಗಿ, ನಿಮಗೆ ಹೇಗೆ ಹೇಳಿದರೆ ಮುಟ್ಟುತ್ತದೆ ಎಂದು ಕೇಳಿ ಬರೆದುಕೊಂಡೆ. ಐದು ಮನೆಗೆ ವಾಟ್ಸಾಪ್ ಸಾಕು. ಎರಡು ಮನೆಗೆ ಧ್ವನಿ ಮೆಸೇಜ್. ನಾಲ್ಕು ಮನೆಗೆ ಫೋನೇ ಆಗಬೇಕು, ಅದರಲ್ಲಿ ಒಂದು ಮನೆಗೆ ಎಡಗಿವಿ ಕೇಳದ ಕಾರಣ ಸೊಸೆಯ ನಂಬರಿಗೆ. ಅಕ್ಕನ ಹೆಸರಿನ ಎದುರು ಅವರು ಹೇಳಿದ ಹಾಗೇ ‘ಕೂಗುವುದು’ ಎಂದು ಬರೆದಿದ್ದೇನೆ. ಊರಿನಲ್ಲಿ ಇಲ್ಲದವರ ನಂಬರು ಗುಂಪಿನಲ್ಲಿ ಇರಬಹುದು, ಲೆಕ್ಕಕ್ಕೆ ಇಲ್ಲ.

ಹೆಬ್ಬೆರಳಿನ ಚಿತ್ರವನ್ನು ನಾವು ಒಪ್ಪುವುದಿಲ್ಲ. ‘ಆಯ್ತು, ಏಳಕ್ಕೆ ಬರುತ್ತೇನೆ’ ಎಂದು ಹೊತ್ತು ಹೇಳಬೇಕು. ರಾತ್ರಿ ಒಂಬತ್ತರವರೆಗೆ ಉತ್ತರ ಬಾರದವರಿಗೆ ಫೋನ್. ಫೋನೂ ತಾಗದಿದ್ದರೆ ಹುಡುಗರು ಬೈಕಿನಲ್ಲಿ ಹೋಗಿ ಬರುತ್ತಾರೆ. ಮಿಷಿನ್ ಹಿಂದಿನ ಗದ್ದೆ ಮುಗಿಸುವಾಗ ಮುಂದಿನವರಿಗೆ ಎರಡು ಮಿಸ್ಡ್ ಕಾಲ್, ಚೀಲ ಟಾರ್ಪಾಲು ಹಿಡಿದು ಹೊರಡಿ ಎಂದು. ಇದಕ್ಕೆ ಮೊದಲ ವರ್ಷ ಒಂದಿಬ್ಬರು ಮುಖ ಸಿಂಡರಿಸಿದರು, ಶಾಲೆಯ ಹಾಜರಿಯ ಹಾಗಾಯಿತು ಎಂದು. ಆಗಲಿ ಎಂದೆ.

ಕಳೆದ ಕೊಯ್ಲಿನ ಹಿಂದಿನ ರಾತ್ರಿ ಎಂಟೂಮುಕ್ಕಾಲಕ್ಕೆ ಹನ್ನೊಂದು ಮನೆಯ ಉತ್ತರ ಬಂದಿತ್ತು. ಒಬ್ಬರ ಫೋನ್ ರಿಪೇರಿಗೆ ಹೋಗಿತ್ತು, ಹುಡುಗ ಹೋಗಿ ಹೇಳಿ ಬಂದ. ಅಕ್ಕನಿಗೆ ನಾನೇ ಜಗಲಿಯಲ್ಲಿ ನಿಂತು ಕೂಗಿದೆ. “ಕೇಂತ್, ಕೇಂತ್, ಊರಿಗೆಲ್ಲ ಕೇಂತ್” ಎಂದು ಆಚೆಯಿಂದ ಉತ್ತರ ಬಂತು. ಬೆಳಿಗ್ಗೆ ಅವರ ಗದ್ದೆಯನ್ನೇ ಮೊದಲು ಕೊಯ್ಯಿಸಿದೆವು. ಮಿಷಿನಿನ ಹುಲ್ಲಿನ ಬಗ್ಗೆ ಮಾತ್ರ ಅವರ ದೂರು ಇನ್ನೂ ಮುಗಿದಿಲ್ಲ.