ಹಳೆಯ ಮೇನ್‌ಫ್ರೇಮ್ ಕಾರ್ಯಾಚರಣ ವ್ಯವಸ್ಥೆಗಳು ಹಾಗೂ ದತ್ತಸಂಚಯಗಳು: ತಯಾರಕರು ಇವುಗಳನ್ನು ಮುಂದುವರಿಸುವುದೇಕೆ?

ಪೀಠಿಕೆ

ಬ್ಯಾಂಕು, ವಿಮೆ, ವಿಮಾನಯಾನ ಸಂಸ್ಥೆಗಳು ಹಾಗೂ ಸರ್ಕಾರಿ ಇಲಾಖೆಗಳ ಬೃಹತ್ ಪ್ರಮಾಣದ ಲೆಕ್ಕಪತ್ರಗಳನ್ನು ನಿರ್ವಹಿಸುವ ದೊಡ್ಡ ಗಣಕಯಂತ್ರಗಳನ್ನು ಮೇನ್‌ಫ್ರೇಮ್ ಎಂದು ಕರೆಯಲಾಗುತ್ತದೆ. ಯಂತ್ರಾಂಶವನ್ನು ನಿಯಂತ್ರಿಸಿ, ಇತರ ತಂತ್ರಾಂಶಗಳು ಕೆಲಸ ಮಾಡಲು ಅನುವು ಮಾಡಿಕೊಡುವ ಮೂಲ ತಂತ್ರಾಂಶವೇ ಕಾರ್ಯಾಚರಣ ವ್ಯವಸ್ಥೆ. ಮಾಹಿತಿಯನ್ನು ಕ್ರಮಬದ್ಧವಾಗಿ ಕಾಪಾಡಿ, ಬೇಕಾದಾಗ ಒದಗಿಸುವುದು ದತ್ತಸಂಚಯದ ಕೆಲಸ. ಒಂದೇ ತಯಾರಕ ಸಂಸ್ಥೆಯು ಐದಾರು ದಶಕಗಳ ಹಿಂದೆ ಹುಟ್ಟಿದ ಹಲವು ವ್ಯವಸ್ಥೆಗಳನ್ನು ಏಕಕಾಲದಲ್ಲಿ ನಿರ್ವಹಿಸುತ್ತಿರುವುದು ಮೇಲ್ನೋಟಕ್ಕೆ ಅನಗತ್ಯ ವೆಚ್ಚದಂತೆ ತೋರುತ್ತದೆ. ಎಲ್ಲವನ್ನೂ ಒಂದರಲ್ಲಿ ವಿಲೀನಗೊಳಿಸಬಾರದೇಕೆ ಎಂಬ ಪ್ರಶ್ನೆಯೂ ಸಹಜವಾದುದೇ. ಇದಕ್ಕಿರುವ ಕಾರಣಗಳನ್ನು ಆಸಕ್ತರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

1. ಹಲವು ವ್ಯವಸ್ಥೆಗಳು ಹುಟ್ಟಿದ ಬಗೆ

ಅಮೆರಿಕದ ಐಬಿಎಂ ಸಂಸ್ಥೆಯು 1964ರ ಏಪ್ರಿಲ್‌ನಲ್ಲಿ ಸಿಸ್ಟಂ/360 ಎಂಬ ಗಣಕಯಂತ್ರ ಸರಣಿಯನ್ನು ಪ್ರಕಟಿಸಿದಾಗ, ಇಡೀ ಸರಣಿಗೆ ಓಎಸ್/360 ಎಂಬ ಒಂದೇ ಕಾರ್ಯಾಚರಣ ವ್ಯವಸ್ಥೆಯನ್ನು ಒದಗಿಸುವ ಉದ್ದೇಶವಿತ್ತು. ಆದರೆ ಅದರ ತಯಾರಿಕೆ ವಿಳಂಬವಾಯಿತು. ಚಿಕ್ಕ ಯಂತ್ರಗಳ ಸ್ಮೃತಿಕೋಶಕ್ಕೆ ಅದು ಹಿಡಿಸುವಂತೆಯೂ ಇರಲಿಲ್ಲ. ಆದ್ದರಿಂದ ತಾತ್ಕಾಲಿಕ ಕ್ರಮವಾಗಿ 1966ರಲ್ಲಿ ಡಾಸ್/360 ಎಂಬ ಚಿಕ್ಕ ವ್ಯವಸ್ಥೆಯನ್ನು ನೀಡಲಾಯಿತು. ಗ್ರಾಹಕರು ಅದರ ಮೇಲೆಯೇ ತಮ್ಮ ಸಂಬಳ, ದಾಸ್ತಾನು ಹಾಗೂ ಲೆಕ್ಕಪತ್ರದ ತಂತ್ರಾಂಶಗಳನ್ನು ಬರೆಸಿಕೊಂಡರು. ತಾತ್ಕಾಲಿಕವೆಂದು ಆರಂಭವಾದುದು ಜೆಡ್/ವಿಎಸ್‌ಇ ಎಂಬ ಹೆಸರಿನಲ್ಲಿ ಅರ್ಧ ಶತಮಾನಕ್ಕೂ ಮೀರಿ ಬಾಳಿತು. ಓಎಸ್/360ರ ಪೀಳಿಗೆಯು ಇಂದು ಜೆಡ್/ಓಎಸ್ ಆಗಿದೆ. ವಿಮಾನಯಾನ ಟಿಕೆಟ್ ಕಾಯ್ದಿರಿಸುವಿಕೆಗೆಂದು ರೂಪುಗೊಂಡ ವ್ಯವಸ್ಥೆಯು ಜೆಡ್/ಟಿಪಿಎಫ್ ಆಗಿಯೂ, ಒಂದೇ ಯಂತ್ರವನ್ನು ಹಲವು ಯಂತ್ರಗಳಂತೆ ಬಳಸಲು ರೂಪಿಸಿದ ವ್ಯವಸ್ಥೆಯು ಜೆಡ್/ವಿಎಂ ಆಗಿಯೂ ಮುಂದುವರಿದಿವೆ.

ಯೂನಿಸಿಸ್ ಸಂಸ್ಥೆಯ ಸಂಗತಿ ಬೇರೆ. 1986ರಲ್ಲಿ ಬರೋಸ್ ಮತ್ತು ಸ್ಪೆರಿ ಸಂಸ್ಥೆಗಳು ಒಂದಾದಾಗ ಬರೋಸ್‌ನಿಂದ ಎಂಸಿಪಿ ಎಂಬ ವ್ಯವಸ್ಥೆಯೂ, ಸ್ಪೆರಿಯಿಂದ ಇಂದಿನ ಓಎಸ್ 2200ರ ಪೂರ್ವಜ ವ್ಯವಸ್ಥೆಯೂ ಹೊಸ ಸಂಸ್ಥೆಗೆ ಬಂದವು. ಎಂಸಿಪಿಯೊಂದಿಗೆ ಡಿಎಂಎಸ್‌-2 ಎಂಬ ದತ್ತಸಂಚಯವೂ, ಓಎಸ್ 2200ರೊಂದಿಗೆ ಡಿಎಂಎಸ್ ಮತ್ತು ಆರ್‌ಡಿಎಂಎಸ್ ಎಂಬ ದತ್ತಸಂಚಯಗಳೂ ಇವೆ. ಸಂಸ್ಥೆಗಳು ಕಾಗದಪತ್ರದಲ್ಲಿ ವಿಲೀನವಾದರೂ ಅವುಗಳ ವ್ಯವಸ್ಥೆಗಳು ವಿಲೀನವಾಗಲಿಲ್ಲ.

2. ಒಂದರ ಬದಲಿಗೆ ಮತ್ತೊಂದನ್ನು ಬಳಸಲಾಗದಿರಲು ಕಾರಣ

ಎಂಸಿಪಿಯು 48 ಬಿಟ್‌ಗಳ ಪದವನ್ನು ಆಧರಿಸಿದೆ. ಓಎಸ್ 2200 ಬಳಸುವುದು 36 ಬಿಟ್‌ಗಳ ಪದವನ್ನು. ಅಲ್ಲದೆ, ಓಎಸ್ 2200ರ ಅಂಕಗಣಿತದಲ್ಲಿ ಧನ ಶೂನ್ಯ ಹಾಗೂ ಋಣ ಶೂನ್ಯ ಎಂಬ ಎರಡು ಶೂನ್ಯಗಳಿವೆ. ಇಂದಿನ ಸಾಮಾನ್ಯ ಗಣಕಯಂತ್ರಗಳ ಪೂರ್ಣಾಂಕ ಗಣಿತದಲ್ಲಿ ಶೂನ್ಯ ಒಂದೇ. ಶಿಲ್ಕು ಶೂನ್ಯವಾಗಿದೆಯೇ ಎಂದು ಪರಿಶೀಲಿಸುವ ಹಳೆಯ ತಂತ್ರಾಂಶವನ್ನು ಬೇರೆ ಯಂತ್ರಕ್ಕೆ ಸಾಗಿಸುವಾಗ ಇಂತಹ ಅಂಶವೂ ಮುಖ್ಯವಾಗುತ್ತದೆ.

ಇನ್ನೊಂದು ಉದಾಹರಣೆಯನ್ನು ಗಮನಿಸಬಹುದು. ಐಬಿಎಂ ಮೇನ್‌ಫ್ರೇಮ್‌ಗಳು ಬಳಸುವ ಎಬ್‌ಸಿಡಿಕ್ ಸಂಕೇತ ಪದ್ಧತಿಯಲ್ಲಿ ಅನುಕ್ರಮಗೊಳಿಸಿದಾಗ ಅಕ್ಷರಗಳು ಮೊದಲು, ಅಂಕಿಗಳು ನಂತರ ಬರುತ್ತವೆ. ಇತರ ಗಣಕಯಂತ್ರಗಳ ಆಸ್ಕಿ ಪದ್ಧತಿಯಲ್ಲಿ ಅಂಕಿಗಳು ಮೊದಲು ಬರುತ್ತವೆ. ಖಾತೆ ಸಂಖ್ಯೆಯಲ್ಲಿ ಅಕ್ಷರ ಹಾಗೂ ಅಂಕಿ ಎರಡೂ ಇದ್ದಲ್ಲಿ ಖಾತೆಗಳ ಕ್ರಮವೇ ಬದಲಾಗುತ್ತದೆ. ದಿನದ ವ್ಯವಹಾರಗಳ ಪಟ್ಟಿಯನ್ನು ಮೂಲ ಖಾತೆಗಳ ಪಟ್ಟಿಯೊಂದಿಗೆ ಕ್ರಮವಾಗಿ ತಾಳೆ ನೋಡುವ ತಂತ್ರಾಂಶವು, ಎರಡು ಪಟ್ಟಿಗಳ ಕ್ರಮ ಬೇರೆಯಾದಲ್ಲಿ, ಇರುವ ಖಾತೆಯನ್ನೇ ಇಲ್ಲವೆಂದು ತಿರಸ್ಕರಿಸಬಹುದು. ತಂತ್ರಾಂಶದ ಒಂದು ಸಾಲೂ ತಪ್ಪಿಲ್ಲದಿದ್ದರೂ ಲೆಕ್ಕ ತಪ್ಪುತ್ತದೆ.

3. ದತ್ತಸಂಚಯಗಳ ಸ್ಥಿತಿ

ಐಬಿಎಂ ಸಂಸ್ಥೆಯ ಐಎಂಎಸ್ ದತ್ತಸಂಚಯವು ಅಪೊಲೊ ಚಂದ್ರಯಾನ ಯೋಜನೆಯ ಅಸಂಖ್ಯ ಬಿಡಿಭಾಗಗಳ ಪಟ್ಟಿಯನ್ನು ನಿರ್ವಹಿಸುವ ಅಗತ್ಯದಿಂದ 1960ರ ದಶಕದಲ್ಲಿ ರೂಪುಗೊಂಡಿತು. ಇದರಲ್ಲಿ ಮಾಹಿತಿಯು ವಂಶವೃಕ್ಷದಂತೆ ಜೋಡಣೆಯಾಗಿರುತ್ತದೆ: ಗ್ರಾಹಕ, ಅವನ ಅಡಿಯಲ್ಲಿ ಖಾತೆ, ಅದರ ಅಡಿಯಲ್ಲಿ ವ್ಯವಹಾರಗಳು. 1970ರಲ್ಲಿ ಇ. ಎಫ್. ಕಾಡ್ ಅವರು ಪ್ರತಿಪಾದಿಸಿದ ಸಂಬಂಧಾತ್ಮಕ ಮಾದರಿಯಲ್ಲಿ ಮಾಹಿತಿಯನ್ನು ಕೋಷ್ಟಕಗಳಲ್ಲಿ ಇಡಲಾಗುತ್ತದೆ. ಈ ಮಾದರಿಯನ್ನು ಅನುಸರಿಸಿದ ಡಿಬಿ2 ದತ್ತಸಂಚಯವನ್ನು ಐಬಿಎಂ 1983ರಲ್ಲಿ ಹೊರತಂದಿತು.

ಡಿಬಿ2 ಬಂದರೂ ಐಎಂಎಸ್ ನಿಲ್ಲಲಿಲ್ಲ. ಮಾಹಿತಿಯನ್ನು ತಲುಪುವ ದಾರಿಯು ಐಎಂಎಸ್‌ನಲ್ಲಿ ತಂತ್ರಾಂಶದೊಳಗೇ ಬರೆಯಲ್ಪಟ್ಟಿರುತ್ತದೆ. ಆದ್ದರಿಂದ ಮಾಹಿತಿಯನ್ನಷ್ಟೇ ಕೋಷ್ಟಕಕ್ಕೆ ನಕಲು ಮಾಡಿದರೆ ಸಾಲದು; ಅದನ್ನು ಬಳಸುವ ಪ್ರತಿಯೊಂದು ತಂತ್ರಾಂಶವನ್ನೂ ತಿದ್ದಬೇಕಾಗುತ್ತದೆ. ಮೊದಲೇ ಗೊತ್ತಿರುವ ದಾರಿಯಲ್ಲಿ ಸಾಗುವ, ಅಪಾರ ಸಂಖ್ಯೆಯ ವ್ಯವಹಾರಗಳಿಗೆ ಐಎಂಎಸ್ ಇಂದಿಗೂ ವೇಗವಾಗಿ ಕೆಲಸ ಮಾಡುತ್ತದೆ. ಹೊಸ ಹೊಸ ಪ್ರಶ್ನೆಗಳಿಗೆ ಉತ್ತರ ಬೇಕಾದಾಗ ಡಿಬಿ2 ಅನುಕೂಲಕರ. ಹೀಗಾಗಿ ಅನೇಕ ಸಂಸ್ಥೆಗಳು ಎರಡನ್ನೂ ಇಟ್ಟುಕೊಂಡಿವೆ.

4. ವಾಣಿಜ್ಯ ಕಾರಣ

ತಯಾರಕರ ದೃಷ್ಟಿಯಿಂದ ಇದೇ ಅತಿ ಮುಖ್ಯವಾದ ಕಾರಣ. ಒಂದು ವ್ಯವಸ್ಥೆಯನ್ನು ನಿಲ್ಲಿಸಿ, ಗ್ರಾಹಕನು ತನ್ನದೇ ಮತ್ತೊಂದು ವ್ಯವಸ್ಥೆಗೆ ಬರಲಿ ಎಂದು ತಯಾರಕನು ಅಪೇಕ್ಷಿಸಬಹುದು. ಆದರೆ ತಂತ್ರಾಂಶವನ್ನು ಹೇಗಿದ್ದರೂ ಹೊಸದಾಗಿ ಬರೆಯಬೇಕಾದಲ್ಲಿ, ಗ್ರಾಹಕನು ಎಲ್ಲ ತಯಾರಕರಿಂದಲೂ ದರಪಟ್ಟಿ ಕೇಳುತ್ತಾನೆ. ಅಂದರೆ, ಬಲವಂತದ ಬದಲಾವಣೆಯ ದಿನವೇ ಗ್ರಾಹಕನು ಕೈತಪ್ಪುವ ದಿನವೂ ಆಗಬಹುದು. ಪರವಾನಗಿ ಹಾಗೂ ನಿರ್ವಹಣಾ ಶುಲ್ಕದ ರೂಪದಲ್ಲಿ ವರ್ಷವೂ ಬರುವ ಆದಾಯವನ್ನು ಈ ಗಂಡಾಂತರಕ್ಕೆ ಒಡ್ಡಲು ತಯಾರಕರು ಸಿದ್ಧರಿರುವುದಿಲ್ಲ.

ಗ್ರಾಹಕರಿಗೂ ಇದರ ಭಯ ಅಕಾರಣವಲ್ಲ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕು 2018ರ ಏಪ್ರಿಲ್‌ನಲ್ಲಿ ತನ್ನ ಗ್ರಾಹಕರ ಮಾಹಿತಿಯನ್ನು ಹೊಸ ಗಣಕ ವ್ಯವಸ್ಥೆಗೆ ವರ್ಗಾಯಿಸಿದಾಗ, ಲಕ್ಷಾಂತರ ಗ್ರಾಹಕರಿಗೆ ತಮ್ಮ ಖಾತೆಗಳನ್ನು ತಲುಪಲು ಸಾಧ್ಯವಾಗಲಿಲ್ಲ. ಸೇವೆ ಪೂರ್ಣವಾಗಿ ಸಹಜ ಸ್ಥಿತಿಗೆ ಬರಲು ಆ ವರ್ಷದ ಡಿಸೆಂಬರ್‌ವರೆಗೆ ಕಾಯಬೇಕಾಯಿತು. 2022ರಲ್ಲಿ ಅಲ್ಲಿನ ನಿಯಂತ್ರಣ ಪ್ರಾಧಿಕಾರಗಳು ಬ್ಯಾಂಕಿಗೆ 4.86 ಕೋಟಿ ಪೌಂಡ್‌ಗೂ ಹೆಚ್ಚು ದಂಡ ವಿಧಿಸಿದವು. ತಾಂತ್ರಿಕ ಪದಗಳ ಹಿಂದೆ ಇರುವುದು ಸಂಬಳ, ಬಾಡಿಗೆ ಹಾಗೂ ಪಿಂಚಣಿಯ ಹಣ ಎಂಬುದನ್ನು ಈ ಪ್ರಕರಣ ತೋರಿಸುತ್ತದೆ.

5. ವೆಚ್ಚವನ್ನು ಮಿತಗೊಳಿಸುವ ಕ್ರಮ

ಹಲವು ವ್ಯವಸ್ಥೆಗಳಿದ್ದರೂ ಯಂತ್ರಾಂಶವನ್ನು ಒಂದೇ ಆಗಿಸುವುದು ತಯಾರಕರು ಕಂಡುಕೊಂಡ ಉಪಾಯ. ಐಬಿಎಂನ ಕಾರ್ಯಾಚರಣ ವ್ಯವಸ್ಥೆಗಳು ಒಂದೇ ಮೇನ್‌ಫ್ರೇಮ್‌ನ ಬೇರೆ ಬೇರೆ ವಿಭಾಗಗಳಲ್ಲಿ ಏಕಕಾಲಕ್ಕೆ ನಡೆಯುತ್ತವೆ. ಯೂನಿಸಿಸ್ ಸಂಸ್ಥೆಯು ತನ್ನದೇ ಸಂಸ್ಕಾರಕಗಳ ತಯಾರಿಕೆಯನ್ನು ಕೈಬಿಟ್ಟು, ಎರಡೂ ವ್ಯವಸ್ಥೆಗಳನ್ನು ಇಂಟೆಲ್ ಸಂಸ್ಕಾರಕಗಳ ಮೇಲೆ ನಡೆಸುವ ಪದ್ಧತಿಗೆ ಬದಲಾಯಿಸಿಕೊಂಡಿತು. ತಳಪಾಯ ಹೊಸದಾದರೂ ಗ್ರಾಹಕರ ತಂತ್ರಾಂಶ ಹಳೆಯದೇ ಆಗಿ ಉಳಿಯುತ್ತದೆ.

6. ನಿರ್ವಹಣೆಗೂ ಮಿತಿಯಿದೆ

ಗ್ರಾಹಕರ ಸಂಖ್ಯೆ ಕುಗ್ಗಿ, ಅನುಭವಿ ಸಿಬ್ಬಂದಿ ನಿವೃತ್ತರಾದಂತೆ ಆದಾಯಕ್ಕಿಂತ ವೆಚ್ಚ ಹೆಚ್ಚಾಗುವ ಕಾಲ ಬರುತ್ತದೆ. ಜೆಡ್/ವಿಎಸ್‌ಇ ವ್ಯವಸ್ಥೆಯ ಮುಂದಿನ ಅಭಿವೃದ್ಧಿಯ ಪರವಾನಗಿಯನ್ನು 2021ರಲ್ಲಿ ಬೇರೊಂದು ಸಂಸ್ಥೆಗೆ ನೀಡಲಾಯಿತು. ಐಬಿಎಂನ ಸೇವೆ 2023ರಲ್ಲಿ ಕೊನೆಗೊಂಡಿತು. ಜಪಾನಿನ ಫುಜಿತ್ಸು ಸಂಸ್ಥೆಯು 2030ರಲ್ಲಿ ಮೇನ್‌ಫ್ರೇಮ್ ಮಾರಾಟವನ್ನೂ, 2035ರಲ್ಲಿ ನಿರ್ವಹಣೆಯನ್ನೂ ನಿಲ್ಲಿಸುವುದಾಗಿ 2022ರಲ್ಲಿ ಪ್ರಕಟಿಸಿತು. ಅಮೆರಿಕದ ನ್ಯೂಜೆರ್ಸಿ ರಾಜ್ಯದ ರಾಜ್ಯಪಾಲರು 2020ರ ಏಪ್ರಿಲ್‌ನಲ್ಲಿ ಕೋಬಾಲ್ ಭಾಷೆ ಬಲ್ಲ ಸ್ವಯಂಸೇವಕರು ಬೇಕೆಂದು ಬಹಿರಂಗವಾಗಿ ಕೋರಿದ್ದು ಪರಿಣತರ ಕೊರತೆಗೆ ನಿದರ್ಶನ.

7. ಬಳಕೆದಾರ ಸಂಸ್ಥೆಗಳು ಗಮನಿಸಬೇಕಾದ ಅಂಶಗಳು

ಅ) ಬಳಕೆಯಲ್ಲಿರುವ ವ್ಯವಸ್ಥೆ ಹಾಗೂ ದತ್ತಸಂಚಯಕ್ಕೆ ತಯಾರಕರ ಸೇವೆ ಯಾವ ದಿನಾಂಕದವರೆಗೆ ಲಭ್ಯವೆಂಬುದನ್ನು ಲಿಖಿತವಾಗಿ ಪಡೆದಿರತಕ್ಕದ್ದು.

ಆ) ಕಡತಗಳ ವಿನ್ಯಾಸ ಹಾಗೂ ತಂತ್ರಾಂಶದ ವಿವರಗಳನ್ನು, ಅವುಗಳನ್ನು ಬಲ್ಲ ಸಿಬ್ಬಂದಿ ನಿವೃತ್ತರಾಗುವ ಮುನ್ನವೇ ದಾಖಲಿಸತಕ್ಕದ್ದು.

ಇ) ಬದಲಾವಣೆ ಅನಿವಾರ್ಯವಾದಲ್ಲಿ ಹಳೆಯ ಹಾಗೂ ಹೊಸ ವ್ಯವಸ್ಥೆಗಳನ್ನು ಕೆಲಕಾಲ ಜೊತೆಯಾಗಿ ನಡೆಸಿ ಫಲಿತಾಂಶಗಳನ್ನು ತಾಳೆ ನೋಡತಕ್ಕದ್ದು. ಹಳೆಯ ಖಾತಾಪುಸ್ತಕದ ಅಂತಿಮ ಶಿಲ್ಕು ಹೊಸ ಪುಸ್ತಕದ ಆರಂಭಿಕ ಶಿಲ್ಕಿಗೆ ಹೊಂದುವವರೆಗೆ ಹಳೆಯ ಪುಸ್ತಕವನ್ನು ಮುಕ್ತಾಯಗೊಳಿಸುವಂತಿಲ್ಲ ಎಂಬ ನಿಯಮ ಇಲ್ಲಿಯೂ ಅನ್ವಯಿಸುತ್ತದೆ.

ಒಟ್ಟಾರೆ, ಹಳೆಯ ವ್ಯವಸ್ಥೆಗಳು ಮುಂದುವರಿದಿರುವುದಕ್ಕೆ ತಯಾರಕರ ಉದಾಸೀನವಾಗಲಿ, ಬಳಕೆದಾರರ ಹಠವಾಗಲಿ ಕಾರಣವಲ್ಲ. ದಶಕಗಳ ಲೆಕ್ಕ ಅವುಗಳಲ್ಲಿ ಸರಿಯಾಗಿ ನಡೆಯುತ್ತಿರುವುದೇ ಕಾರಣ. ಆದರೆ ಆ ನಡೆಗೆ ಒಂದು ಅವಧಿ ಇರುತ್ತದೆ. ತಯಾರಕರು ಆ ಅವಧಿಯನ್ನು ಪ್ರಕಟಿಸುವ ಮುನ್ನವೇ ಸಿದ್ಧತೆ ಆರಂಭಿಸುವುದು ಸೂಕ್ತ.