ಮೋನಾಲಿಸಾ ಯಾರು?

ಮೋನಾಲಿಸಾ ನಿಜಕ್ಕೂ ಯಾರು? ಲಿಯೊನಾರ್ಡೊ ತನ್ನನ್ನೇ ಹೆಣ್ಣಾಗಿ ಬರೆದುಕೊಂಡ ಅಂತ ಕೇಳಿರ್ತೀರಿ. ಅದನ್ನ ಬಿಟ್ಟುಬಿಡಿ. 1503ರ ಅಕ್ಟೋಬರ್‌ನಲ್ಲಿ, ಫ್ಲಾರೆನ್ಸಿನ ಅಧಿಕಾರಿ ಅಗೊಸ್ಟಿನೊ ವೆಸ್ಪುಚಿ ರೋಮನ್ ಲೇಖಕ ಸಿಸೆರೊನ ಪುಸ್ತಕದ ತನ್ನ ಪ್ರತಿಯ ಅಂಚಿನಲ್ಲಿ ಬರೆದಿಟ್ಟ: ಲಿಯೊನಾರ್ಡೊ ಲಿಸಾ ಡೆಲ್ ಜೊಕೊಂಡೊಳ ಮುಖ ಬರೀತಿದ್ದಾನೆ. ಲಿಸಾ, ರೇಷ್ಮೆ ವ್ಯಾಪಾರಿಯ ಹೆಂಡತಿ. ಅಂಗಡಿಯವನು ಚೀಟಿ ಹಿಂದೆ ಗೀಚಿಟ್ಟ ಲೆಕ್ಕದ ಹಾಗೆ ಈ ಟಿಪ್ಪಣಿ. ಸುಳ್ಳು ಹೇಳೋಕೆ ಕಾರಣವೇ ಇಲ್ಲ.

ಆದ್ರೆ 1517ರಲ್ಲಿ ಲಿಯೊನಾರ್ಡೊನನ್ನ ಕಂಡ ಪ್ರವಾಸಿಯೊಬ್ಬ, ಇದು ಫ್ಲಾರೆನ್ಸಿನ ದೊಡ್ಡ ಮನೆತನದ ಜೂಲಿಯಾನೊ ಮೆಡಿಚಿ ಬರೆಸಿದ ಹೆಂಗಸಿನ ಚಿತ್ರ ಅಂದಿದ್ದಾನಲ್ಲ? ಹೌದು. ಆದ್ರೆ ಅವನು ಹೆಸರು ಹೇಳೋದಿಲ್ಲ. ಲಿಯೊನಾರ್ಡೊನ ಜೀವನಚರಿತ್ರೆ ಬರೆದ ವಸಾರಿ ಹೇಳ್ತಾನೆ, ಲಿಸಾ ಅಂತಲೇ. ಹೆಸರಿನ ಗುಟ್ಟು ಬಗೆಹರಿದಿದೆ ಅಂತಲೇ ನನ್ನ ತೀರ್ಮಾನ. ಬಗೆಹರಿಯದ್ದು ಇನ್ನೊಂದು: ಲಿಯೊನಾರ್ಡೊ ಚಿತ್ರವನ್ನ ಲಿಸಾಳ ಮನೆಗೆ ಕೊಡದೆ, ಫ್ರಾನ್ಸ್‌ವರೆಗೂ ತನ್ನ ಜೊತೆಗೇ ಯಾಕೆ ಒಯ್ದ? ನಿಮ್ಮ ಊಹೆ ಕಾಮೆಂಟ್‌ನಲ್ಲಿ ತಿಳಿಸಿ.