ಶಾಲು ಹೊದಿಸಿದರೆ ಮುಗಿಯಿತೇ?



ವರ್ಷದ ಕೊನೆಗೆ ನಮ್ಮ ಮೊಹಲ್ಲಾದ ಪುಟ್ಟ ಶಾಲೆಯ ಮುಖ್ಯೋಪಾಧ್ಯಾಯಿನಿ ನಿವೃತ್ತರಾದರೆ ಶಾಲು ಹೊದಿಸಿ, ಕಣ್ಣೊರೆಸಿಕೊಂಡು ಬೀಳ್ಕೊಡುತ್ತೇವೆ. ಆದರೆ ಜೂನ್‌ನಲ್ಲಿ ಆ ಶಾಲೆಗೆ ಮಕ್ಕಳನ್ನು ಕಳಿಸುತ್ತೇವೆಯೇ?

ಬೇಗಂ ರೊಕೆಯಾ ಸಖಾವತ್ ಹುಸೈನ್‌ರನ್ನು ನೆನೆಯಿರಿ. 1909ರಲ್ಲಿ ಪತಿ ತೀರಿಕೊಂಡಾಗ, ಅವರು ಬಿಟ್ಟುಹೋದ ಹಣದಿಂದ ಭಾಗಲ್ಪುರದಲ್ಲಿ ಐದು ಹುಡುಗಿಯರ ಶಾಲೆ ತೆರೆದರು. ಮನೆತನದ ಆಸ್ತಿ ಜಗಳದಿಂದ ಊರನ್ನೇ ಬಿಡಬೇಕಾಯಿತು. 1911ರ ಮಾರ್ಚ್ 16ರಂದು ಕಲ್ಕತ್ತೆಯಲ್ಲಿ ಎಂಟು ಹುಡುಗಿಯರೊಂದಿಗೆ ಮತ್ತೆ ಆರಂಭಿಸಿದರು. ಮನೆಮನೆಗೆ ನಡೆದು ಹೆತ್ತವರನ್ನು ಒಪ್ಪಿಸಿದರು. ಶಾಲೆಯ ಬಸ್ಸನ್ನು ಪೂರ್ತಿ ಮುಚ್ಚಿದರೆ ಮಕ್ಕಳಿಗೆ ಉಸಿರುಗಟ್ಟುತ್ತಿತ್ತು. ಪರದೆ ಇಳಿಬಿಟ್ಟರೆ ಅದು ಗಾಳಿಗೆ ಸರಿಯುತ್ತದೆಂದು ದೂರು ಪತ್ರಗಳು ಬರುತ್ತಿದ್ದವು. ಆದರೂ ಅವರು ಕೈಬಿಡಲಿಲ್ಲ.

1932ರ ಡಿಸೆಂಬರ್ 9ರಂದು, ಶಾಲೆಯ ಹೊಣೆ ಹೆಗಲ ಮೇಲಿರುವಾಗಲೇ ಅವರು ಅಗಲಿದರು. ಶಾಲೆ ಮಾತ್ರ ಮುಚ್ಚಲಿಲ್ಲ. ಸಖಾವತ್ ಸ್ಮಾರಕ ಸರಕಾರಿ ಬಾಲಿಕಾ ಪ್ರೌಢಶಾಲೆಯಾಗಿ ಇಂದಿಗೂ ಕೊಲ್ಕತ್ತದಲ್ಲಿ ನಡೆಯುತ್ತಿದೆ.

ಸಹೋದರಿಯರೇ, ಹೊರಡುವ ಟೀಚರಿಗೆ ಉಡುಗೊರೆ ಕೊಡಬೇಕೆನಿಸಿದರೆ, ನಿಮ್ಮ ಮಗಳ ಹೆಸರನ್ನು ಅದೇ ಶಾಲೆಯಲ್ಲಿ ದಾಖಲಿಸಿ. ಶುಲ್ಕವನ್ನು ಸಮಯಕ್ಕೆ ಕಟ್ಟಿ, ಪೋಷಕರ ಸಭೆಗೆ ತಪ್ಪದೆ ಹೋಗಿ. ಹೊಸದಾಗಿ ಬರುವ ಟೀಚರನ್ನು ಹಳಬರೊಂದಿಗೆ ಹೋಲಿಸಿ ನೋಯಿಸಬೇಡಿ. ವರ್ಷಗಟ್ಟಲೆ ದುಡಿದವರ ಶ್ರಮ ಉಳಿಯುವುದು ನಮ್ಮಿಂದಲೇ.